ಮುದಕವ್ವನ ಜಾಗದಲ್ಲಿ ನಿಮ್ಮ ರುಚಿ ಮಳಿಗೆ

ತಾಜಾ ತರಕಾರಿ ಸೇವನೆ ಉತ್ತೇಜನ ಯೋಜನೆಯ ಮುಖ್ಯ ಅಧಿಕಾರಿಗಳಿಗೆ

ಮಾನ್ಯರೇ,

ಸಂತೆಗೆ ಬಂದವರಿಗೆ ಹಸಿ ಸೊಪ್ಪಿನ ರುಚಿ ಹತ್ತಿಸಲೆಂದು ನೀವು ನಮ್ಮಲ್ಲಿ ಮಳಿಗೆ ಹಾಕಿದಿರಿ. ಆ ಮಳಿಗೆಗೆ ಜಾಗ ಮಾಡಲೆಂದು, ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ಬೇವಿನ ಮರದ ಕೆಳಗೆ ಕುಳಿತು ಸಂತೆಗೆ ಬಂದವರಿಗೆ ಹಸಿ ಸೊಪ್ಪಿನ ರುಚಿ ಹತ್ತಿಸುತ್ತಿದ್ದ ಮುದಕವ್ವನನ್ನು ಎಬ್ಬಿಸಿ ಕಳಿಸಿದಿರಿ. ಯೋಜನೆಯೊಂದು ಇಷ್ಟು ಚೊಕ್ಕಟವಾಗಿ ಜಾರಿಯಾದದ್ದನ್ನು ನನ್ನ ಮೂವತ್ತಾರು ವರ್ಷಗಳ ಮಾಸ್ತರಿಕೆಯಲ್ಲಿ ಕಂಡಿರಲಿಲ್ಲ. ಅಭಿನಂದನೆಗಳು.

ಮುದಕವ್ವ ಯಾರೆಂದು ನಿಮ್ಮ ಕಡತದಲ್ಲಿ ಇರಲಾರದು. ಸಂಗೊಳ್ಳಿಯಿಂದ ಮೊದಲ ಬಸ್ಸಿಗೆ ಸೊಪ್ಪಿನ ಗಂಟು ಹೊತ್ತು ಬರುವ ಹೆಂಗಸು. ಮೊದಲನೇ ಕಟ್ಟನ್ನು ಆಕೆ ಎಂದೂ ಮಾರಿದವಳಲ್ಲ. ಅದನ್ನು ಬಿಚ್ಚಿ, ಕೊಡದ ನೀರಲ್ಲಿ ತೊಳೆದು, ಜೋಳದ ರೊಟ್ಟಿಯ ತುಂಡಿನಲ್ಲಿ ಗುರೆಳ್ಳು ಚಟ್ನಿಯ ಜೊತೆ ಸುತ್ತಿ, ಎದುರಿಗೆ ಬಂದವರ ಕೈಗೆ ಇಡುತ್ತಾಳೆ. ಸುಗ್ಗಿಗೆ ಮುಂಚೆ ಹಕ್ಕರಕಿ ಸೊಪ್ಪು, ಆಮೇಲೆ ಮೆಂತ್ಯ, ಮೂಲಂಗಿ ಎಲೆ, ಏನಿದ್ದರೆ ಅದು. ಡಾಕ್ಟರರು ನನಗೆ ಸಕ್ಕರೆ ಕಾಯಿಲೆ ಎಂದು ಹೇಳಿದ ವಾರ ನಾನು ಅವಳ ಮುಂದೆ ಹಾದು ಹೋಗುತ್ತಿದ್ದೆ. ಸೊಪ್ಪು ದನ ತಿನ್ನುವುದು ಎಂದು ಮೂಗು ಮುರಿದೆ. ಆಕೆ ತಲೆ ಎತ್ತಲಿಲ್ಲ. “ದನಾ ತಿಂದು ಗಟ್ಟಿ ಅದಾವ್ರಿ ಮಾಸ್ತರ. ನೀವು ನೋಡ್ರಿ ಹೆಂಗ ಆಗೀರಿ. ತಿಂದ ನೋಡ್ರಿ, ಸೇರದಿದ್ರ ಉಗುಳ್ರಿ,” ಎಂದಳು. ನಾನು ಉಗುಳಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಹಸಿ ಸೊಪ್ಪಿಲ್ಲದೆ ಊಟವಿಲ್ಲ. ಈ ಸಾಧನೆಗೆ ಎಷ್ಟು ಫಲಕ ಬೇಕಾದವು, ಎಷ್ಟು ಭಾಷಣ ಬೇಕಾದವು, ದಯವಿಟ್ಟು ಲೆಕ್ಕ ಹಾಕಿ ತಿಳಿಸಿ.

ಹಿತ್ತಲ ಗಿಡ ಮದ್ದಲ್ಲ ಎಂಬುದು ಇಲಾಖೆಗೂ ಗೊತ್ತಿದ್ದಂತಿದೆ. ಅದಕ್ಕೇ ದೂರದಿಂದ ಬಿಳಿ ಟೋಪಿಯ ಇಬ್ಬರನ್ನು ಕರೆಸಿದಿರಿ. ಅವರು ಹೆಸರು ಹೇಳಲು ನಾಲಿಗೆ ತಿರುಗದ ಯಾವುದೋ ಎಲೆಯನ್ನು ಕತ್ತರಿಸಿ, ಅದಕ್ಕೆ ಬೇಯಿಸಿದ ಜೋಳ ಬೆರೆಸಿ, ಕಾಗದದ ಪುಟ್ಟ ಬಟ್ಟಲಲ್ಲಿ ಕೊಟ್ಟರು. ಜೋಳ ಎಂಬ ಧಾನ್ಯವನ್ನು ನಮಗೆ ಪರಿಚಯಿಸಿದ್ದಕ್ಕೆ ಇಡೀ ತಾಲೂಕು ನಿಮಗೆ ಋಣಿ. ಮೆಣಸಿನಕಾಯಿ ಮಾರುವ ಶಟ್ಟೆಪ್ಪ ಎರಡು ಬಟ್ಟಲು ತಿಂದು, “ಛಲೋ ಐತ್ರಿ ಸಾಹೇಬ್ರ. ಈ ಎಲಿ ಸಂತ್ಯಾಗ ಎಲ್ಲಿ ಸಿಗತೈತಿ?” ಎಂದು ಕೇಳಿದ. ಟೋಪಿಯವರು ಸ್ವಲ್ಪ ಯೋಚಿಸಿ, ಇಲ್ಲಿ ಸಿಗುವುದಿಲ್ಲ, ಬೆಳಗಾವಿಯ ದೊಡ್ಡ ಅಂಗಡಿಯಲ್ಲಿ ನೋಡಿ ಎಂದರು. ಶಟ್ಟೆಪ್ಪ ಬಾಯಿ ಒರೆಸಿಕೊಂಡು ಮೆಣಸಿನಕಾಯಿ ಮಾರಲು ಹೋದ.

ಮುದಕವ್ವ ಮಾತ್ರ ಅಂದು ಯಾರಿಗೂ ತಿನ್ನಿಸಲಿಲ್ಲ. ತಯಾರಿಸಿದ ಆಹಾರ ಹಂಚಲು ಪರವಾನಗಿ ಇಲ್ಲ ಎಂದು ನಿಮ್ಮ ಸಿಬ್ಬಂದಿ ಅವಳ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿಸಿದ್ದರು. ಆಕೆಯನ್ನು ಸಂತೆಯ ಹಿಂದೆ, ಟ್ರ್ಯಾಕ್ಟರ್ ನಿಲ್ಲುವ ಧೂಳಿನಲ್ಲಿ ಕೂರಿಸಿದ್ದರು.

ಇಲ್ಲಿಯವರೆಗೆ ನಿಮ್ಮನ್ನು ಹಂಗಿಸಿದೆ. ಇನ್ನು ನನ್ನ ಪಾಳಿ. ನಮ್ಮ ಸಂತೆಗೂ ರುಚಿ ಮಳಿಗೆ ಬೇಕೆಂದು ಅರ್ಜಿ ಬರೆದವನು ನಾನೇ. ಮುದಕವ್ವನ ಕೆಲಸಕ್ಕೆ ಸರ್ಕಾರದ ಬಲ ಸಿಗಲಿ ಎಂಬ ಆಸೆಯಿತ್ತು. ನಕ್ಷೆ ಬಿಡಿಸಿ, ಬೇವಿನ ಮರದ ಕೆಳಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, “ಸದರಿ ಸ್ಥಳದಲ್ಲಿ ಜನರು ತಾವಾಗಿಯೇ ಸೇರುತ್ತಾರೆ” ಎಂದು ಬರೆದೆ. ಸರ್ಕಾರಿ ಅರ್ಜಿಯಲ್ಲಿ ಸೊಪ್ಪು ಮಾರುವ ಹೆಂಗಸಿನ ಹೆಸರೇನು ಬರೆಯುವುದು ಎಂಬ ಮಾಸ್ತರನ ಜಂಬ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು.

ಕಳೆದ ಸಂತೆಯಲ್ಲಿ ಅವಳ ಬಳಿ ಹೋದೆ. ಧೂಳು ಕೂತ ಸೊಪ್ಪನ್ನು ಹಸಿಯಾಗಿ ಯಾರು ತಿಂದಾರು? ಗಂಟು ಬಿಚ್ಚಿದ್ದು ಬಿಚ್ಚಿದ ಹಾಗೆಯೇ ಇತ್ತು. ರೊಟ್ಟಿಯ ಬುಟ್ಟಿಯನ್ನೇ ತಂದಿರಲಿಲ್ಲ. ಮುಂದಿನ ವಾರದಿಂದ ಬರುವುದಿಲ್ಲ ಎಂದಳು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು: “ಅರ್ಜಿ ನೀವ ಬರದಿದ್ರಂತ, ಹೌದೇನ್ರಿ ಮಾಸ್ತರ? ಅದರಾಗ ನನ್ನ ಹೆಸರ ಬರದಿದ್ರ ಏನ ಆಗತಿತ್ರಿ?”

ನಾಚಿಕೆಯಾಯಿತು. ಅದಕ್ಕೇ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮುಂದಿನ ಸಂತೆಯ ಹೊತ್ತಿಗೆ ನಿಮ್ಮ ಪೆಂಡಾಲನ್ನು ಟ್ರ್ಯಾಕ್ಟರುಗಳ ಕಡೆ ಸಾಗಿಸಿ. ಧೂಳು ನಿಮ್ಮ ಎಲೆಗೇನೂ ಮಾಡಲಾರದು, ಹೇಗೂ ಅದನ್ನು ಇಲ್ಲಿ ಯಾರೂ ಕೊಳ್ಳುವಂತಿಲ್ಲ. ಬೇವಿನ ನೆರಳನ್ನು ಮುದಕವ್ವನಿಗೆ ಬಿಟ್ಟುಕೊಡಿ. ರೊಟ್ಟಿ ಹಂಚಲು ಪರವಾನಗಿ ಬೇಕೇ ಬೇಕೆಂದರೆ, ಅವಳನ್ನು ಕಚೇರಿಗೆ ಅಲೆಸದೆ ನೀವೇ ತಂದುಕೊಡಿ. ತಂದ ದಿನ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು ಒಂದು ತುತ್ತು ತಿನ್ನಿ. ಸೇರದಿದ್ದರೆ ಉಗುಳಿ, ಆಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಗೆಯೇ ನನ್ನ ಹಳೆಯ ಅರ್ಜಿಯಲ್ಲಿ ಒಂದು ಸಾಲು ತಿದ್ದಿಕೊಳ್ಳಿ. ಸದರಿ ಸ್ಥಳದಲ್ಲಿ ಜನರು ತಾವಾಗಿ ಸೇರುತ್ತಿರಲಿಲ್ಲ. ಮುದಕವ್ವ ಕರೆಯುತ್ತಿದ್ದಳು.

ಇಂತಿ,
ಹೆಸರು ಬರೆಯಬೇಕಾದಲ್ಲಿ ಗುರುತು ಹಾಕಿದ
ಮಡಿವಾಳೆಪ್ಪ ಮಾಸ್ತರ (ನಿವೃತ್ತ),
ಸಂಪಗಾಂವ