ಇಲಿಗಳಿಗೆ ಇಳಿದ ಸಕ್ಕರೆ

ರೀ,

ಎಬ್ಬಿಸಿದರೆ ವಾದ ಶುರುವಾಗುತ್ತದೆ, ಅದಕ್ಕೇ ಚೀಟಿ ಬರೆದಿಟ್ಟು ಲ್ಯಾಬಿಗೆ ಹೊರಟಿದ್ದೇನೆ.

ಫ್ರಿಜ್ಜಿನಲ್ಲಿದ್ದ ನಿಮ್ಮ ಎಲೆ ಕಷಾಯವನ್ನು ಸಿಂಕಿಗೆ ಸುರಿದಿದ್ದೇನೆ, ಹುಡುಕಬೇಡಿ. ಆ ಎಲೆಯ ಸಾರಕ್ಕೆ ಸಕ್ಕರೆ ಇಳಿಯಿತು ಅಂತ ನಾನೇ ಹೇಳಿದ್ದು ನಿಜ. ಇಳಿದದ್ದು ನಮ್ಮ ಲ್ಯಾಬಿನ ಇಲಿಗಳಿಗೆ. ಅವು ಅಳೆದು ಹಾಕಿದ್ದಷ್ಟೇ ತಿನ್ನುತ್ತವೆ. ಕಷಾಯ ಕುಡಿದ ಧೈರ್ಯಕ್ಕೆ ಕೇಕ್ ಹೊಡೆಯುವುದಿಲ್ಲ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯೇ ಆಗಿಲ್ಲ. ನಿನ್ನೆ ನೀವು ಸಕ್ಕರೆ ಏರಿ ಬಚ್ಚಲಲ್ಲಿ ಬಿದ್ದಿರಲ್ಲ, ಅದನ್ನೇ ಮೊದಲನೆಯದು ಅಂದುಕೊಳ್ಳಿ.

ತಿಂಡಿ ಮುಚ್ಚಿಟ್ಟಿದ್ದೇನೆ, ಪಕ್ಕದಲ್ಲೇ ಮಾತ್ರೆ ಇದೆ. ಅದನ್ನು ಹೂಕುಂಡಕ್ಕೆ ಹಾಕಬೇಡಿ, ಗಿಡಕ್ಕೆ ಸಕ್ಕರೆ ಕಾಯಿಲೆ ಇಲ್ಲ.

ಮುಖ್ಯ ವಿಷಯ ಈಗ. ಎದುರುಮನೆಯ ಟೈಲರ್ ಬೆಳಗ್ಗೆ ಖಾಲಿ ಬಾಟಲಿ ಹಿಡಿದು ಬಂದಿದ್ದ. "ಅತ್ತಿಗೆ, ಅಣ್ಣ ಹೇಳಿದ್ರಲ್ಲ, ನಾನೂ ಮಾತ್ರೆ ಬಿಟ್ಬಿಟ್ಟೆ. ಒಂಚೂರು ಕಷಾಯ ಕೊಡಿ" ಅಂದ. ನಾನು ಬೇಡಪ್ಪಾ ಅಂದರೆ, "ಅಣ್ಣನ್ನೇ ಕೇಳ್ತೀನಿ ಬಿಡಿ" ಅಂತ ನಗುತ್ತಾ ಹೋದ.

ಮಾತ್ರೆ ನುಂಗಿ ನೇರ ಅವನ ಅಂಗಡಿಗೆ ಹೋಗಿ. ಹಣೆಯ ಗಾಯದ ಮೇಲೆ ಟೋಪಿ ಎಳೆದುಕೊಳ್ಳಬೇಡಿ, ಅವನಿಗೂ ಕಾಣಲಿ. ಬಿದ್ದದ್ದನ್ನು ನೀವೇ ಬಾಯಿಬಿಟ್ಟು ಹೇಳಿ. ಆ ಸದ್ದಿಗೆ ನನ್ನ ಜೀವ ಬಾಯಿಗೆ ಬಂದದ್ದನ್ನೂ ಹೇಳಿ. ಅವನಿಗೂ ಹೆಂಡತಿ ಇದ್ದಾಳೆ.