ಯಂತ್ರಗಳನ್ನೇ ತಿರುಗಿಸಿದೆವು

ಭಾನುವಾರ, ಮಧ್ಯಾಹ್ನ

ಕಂಪನಿಯಿಂದ ಕಂಪನಿಗೆ ಅಲೆದು ಜನರಿಗೆ ಬುದ್ಧಿ ಹೇಳುವ ನನ್ನ ಮಹಾರಾಣಿಗೆ, ಅಮ್ಮನ ಆಶೀರ್ವಾದ.

ಗೆದ್ದೆವು ಕಣೇ! ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋದೀತು. ನಿನ್ನೆ ಆಸ್ಪತ್ರೆಯ ದೊಡ್ಡ ಮ್ಯಾನೇಜರ್ ಖುದ್ದಾಗಿ ನಮ್ಮ ಲಾಂಡ್ರಿಗೆ ಬಂದು, ಕೆಲಸ ಹೊರಗಿನ ಕಂಟ್ರಾಕ್ಟರಿಗೆ ಹೋಗುವುದಿಲ್ಲ, ನೀವೆಲ್ಲ ಇಲ್ಲೇ ಇರುತ್ತೀರಿ ಎಂದು ಹೇಳಿ ಹೋದರು. ನಮ್ಮ ಗುಂಗುರುಕೂದಲಿನವಳು ಒಗೆಯದ ಬಟ್ಟೆಯ ರಾಶಿಯ ಮೇಲೆ ಬಿದ್ದು ಉರುಳಾಡಿ ನಕ್ಕಳು. ಹೊಲಸು ಕಣೇ ಎಂದು ಬೈದು, ನಾನೂ ಅಲ್ಲೇ ಕೂತುಬಿಟ್ಟೆ.

ನಮ್ಮ ಮಡಿಸುವ ಕೋಣೆ ನಿನಗೆ ನೆನಪಿರಬೇಕು. ನಡುವೆ ಉದ್ದನೆಯ ಮೇಜು, ಆಚೆ ಮೂವರು, ಈಚೆ ಮೂವರು. ಹೊದಿಕೆಯ ಎರಡು ತುದಿ ಇವಳ ಕೈಯಲ್ಲಿ, ಎರಡು ಅವಳ ಕೈಯಲ್ಲಿ. ಮಡಿಸುತ್ತ ಹತ್ತಿರ ಬರುವುದು, ಮಾತಾಡುವುದು, ಮತ್ತೆ ದೂರ ಹೋಗುವುದು. ಈಚೆಗೆ ಆ ಮೇಜನ್ನು ಎತ್ತಿ ಹೊರಗಿಟ್ಟು ಮಡಿಸುವ ಯಂತ್ರಗಳನ್ನು ತಂದರು. ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರಿಗೆ ಒಂದೊಂದು, ಮುಖ ಗೋಡೆಯ ಕಡೆಗೆ. ಬಟ್ಟೆ ಸಿಕ್ಕಿಕೊಂಡರೆ ಗಂಟೆ ಹೊಡೆಯುತ್ತದೆ, ತಕ್ಷಣ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ತಿಂಗಳೊಳಗೆ ಇದರಲ್ಲೇ ಕೆಲಸ ಸಾಗಬೇಕು, ಇಲ್ಲವಾದರೆ ಕೆಲಸ ಕಂಟ್ರಾಕ್ಟರಿಗೆ, ಎಲ್ಲರೂ ಮನೆಗೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟ.

ಮುಟ್ಟಬೇಡಿ ಎಂದೆ ನಾನು. ಒಬ್ಬಳೂ ಮುಟ್ಟಲಿಲ್ಲ. ಜಪ್ಪಯ್ಯ ಎಂದರೂ ಮುಟ್ಟಲಿಲ್ಲ! ಹಿರಿಯಳೆಂದು ನನ್ನ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದು ಒಳಗೊಳಗೇ ಉಬ್ಬಿದೆ. ಸೂಪರ್‌ವೈಸರ್ ನಮಗೆ ಯಂತ್ರವೆಂದರೆ ಭಯ ಎಂದುಕೊಂಡ. ಕ್ಲಾಸು ನಡೆಸಿದ, ಸಿನಿಮಾ ತೋರಿಸಿದ, ಬದಲಾವಣೆಯೇ ಬದುಕು ಎಂದು ಗೋಡೆಗೆ ಚೀಟಿ ಅಂಟಿಸಿದ. ಬದಲಾವಣೇನೇ ಬದುಕಾದ್ರೆ ಮೊದ್ಲು ಆ ಕೆಟ್ಟ ಟೀ ಬದಲಾಯಿಸ್ಲಿ ಎಂದಳು ಗುಂಗುರು.

ಕೊನೆಗೆ ನಿನ್ನ ಜಾತಿಯವಳೊಬ್ಬಳು ಬಂದಳು. ಹೊಸ ಪದ್ಧತಿಗೆ ಜನರನ್ನು ಹೊಂದಿಸುವವಳಂತೆ. ನಿನ್ನದೇ ವಯಸ್ಸು, ನಿನ್ನ ಹಾಗೇ ಹೆಗಲಿಗೊಂದು ದೊಡ್ಡ ಚೀಲ. ಚೀಲದ ಹುಡುಗಿ ಎಂದು ಹೆಸರಿಟ್ಟು, ಎರಡೇ ದಿನದಲ್ಲಿ ಓಡಿಸುತ್ತೇನೆ ಎಂದು ಸೊಂಟ ಕಟ್ಟಿದೆ. ಆದರೆ ಅವಳು ಭಾಷಣವನ್ನೇ ಮಾಡಲಿಲ್ಲ. ಮೇಜನ್ನು ಒಳಗೆ ತರಿಸಿ, ದಿನವಿಡೀ ನಮ್ಮ ಜೊತೆ ನಿಂತು ಹೊದಿಕೆ ಮಡಿಸಿದಳು. ಅವಳು ಮಡಿಸಿದ್ದನ್ನೆಲ್ಲ ನಾವು ಮತ್ತೆ ಮಡಿಸಬೇಕಾಯಿತು, ಆ ಮಾತು ಬೇರೆ. ಟೀ ಹೊತ್ತಿಗೆ ನನ್ನೆದುರಿಗೇ ಕೂತು, ಯಂತ್ರ ಬಂದ್ರೆ ಏನು ಸಿಗುತ್ತೆ ಅಂತ ಎಲ್ರೂ ಹೇಳಿರ್ತಾರೆ, ನಿಮ್ಮ ಕೈಯಿಂದ ಏನು ಹೋಗುತ್ತೆ ಅದನ್ನ ಹೇಳಿ ಅಮ್ಮಾ ಎಂದಳು. ಊರಿಗೆಲ್ಲ ಮಾತಾಡುವ ನಾನು ಲೋಟದೊಳಗೆ ಮುಖ ಹುದುಗಿಸಿದೆ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಕಂಟ್ರಾಕ್ಟರ್ ಸೋಮವಾರ ಜಾಗ ನೋಡಲು ಬರುತ್ತಾನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಮ್ಮ ಕಥೇನೂ ಅದೇ ಎಂದ. ಎದುರಿಗಿದ್ದ ನಮ್ಮ ಉದ್ದಕ್ಕನ ಮುಖ ಬಿಳುಚಿತು. ಮನೆಯಲ್ಲಿ ಎರಡು ಮಕ್ಕಳು, ದುಡಿಯುವವಳು ಅವಳೊಬ್ಬಳೇ. ನನ್ನ ದೆಸೆಯಿಂದ ಇವಳ ಒಲೆ ಆರುತ್ತದಲ್ಲ ಎನಿಸಿತು. ಎದ್ದು ನಿಂತೆ.

ನಿನಗೂ ಹೇಳದ್ದನ್ನು ಅಲ್ಲಿ ಎಲ್ಲರೆದುರು ಹೇಳಿಬಿಟ್ಟೆ ಮಗಳೇ. ನಂಗೆ ಕಿವಿ ಕೇಳ್ಸಲ್ಲ ಸಾರ್, ಎರಡು ವರ್ಷ ಆಯ್ತು, ಇವರ ತುಟಿ ನೋಡಿ ಮಾತು ತಿಳ್ಕೋತೀನಿ, ಗೋಡೆಗೆ ಮುಖ ಮಾಡಿದ್ರೆ ನಂಗೆ ಇವರ ಮಾತೂ ಇಲ್ಲ, ನಿಮ್ಮ ಗಂಟೇನೂ ಇಲ್ಲ, ನನ್ನೊಬ್ಬಳನ್ನ ಕಳಿಸಿ, ಇವರನ್ನ ಇಟ್ಕೊಳ್ಳಿ ಎಂದೆ. ಗೊತ್ತಾದ ದಿನವೇ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲೇ ಇಷ್ಟು ಕಾಲ ಕಳೆದಿದ್ದೆ.

ಯಾರಿಗೂ ಆಶ್ಚರ್ಯವೇ ಆಗಲಿಲ್ಲ! ಉದ್ದಕ್ಕ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ, ನಮಗೆ ಗೊತ್ತಿತ್ತು ಅಕ್ಕಾ ಎಂದಳು. ನನಗೆ ತುಟಿ ಕಾಣಲೆಂದೇ ಗುಂಗುರು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಬಿಟ್ಟಿದ್ದಳಂತೆ. ಊಟದ ಬಿಡುವಿನಲ್ಲಿ ಕದ್ದುಮುಚ್ಚಿ ಎಲ್ಲರೂ ಯಂತ್ರ ಓಡಿಸಲು ಕಲಿತೂ ಆಗಿತ್ತಂತೆ. ಮುಟ್ಟದೆ ಕೂತದ್ದು ನನ್ನ ಅಪ್ಪಣೆಗಲ್ಲ, ನಾನು ಒಂಟಿಯಾಗುತ್ತೇನೆಂದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ನನ್ನ ಗುಟ್ಟು. ನಾಚಿಕೆಯೂ ಆಯಿತು, ಅಳುವೂ ಬಂತು, ಇಂಥವರ ನಡುವೆ ಇದ್ದೇನಲ್ಲ ಎಂದು ಹೆಮ್ಮೆಯೂ ಆಯಿತು.

ಚೀಲದ ಹುಡುಗಿ ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆದಳು. ಆಚೆ ಮೂರು ಯಂತ್ರ, ಈಚೆ ಮೂರು, ಎದುರುಬದುರು. ಗಂಟೆಯ ಜೊತೆಗೆ ಒಂದು ಕೆಂಪು ದೀಪ. ನಕ್ಷೆ ಮೇಲಿಂದ ಬಂದದ್ದು, ಬದಲಿಸುವ ಹಾಗಿಲ್ಲ ಎಂದು ಸೂಪರ್‌ವೈಸರ್ ಗೊಣಗಿದ. ಹಾಗಾದ್ರೆ ಬದಲಾವಣೆ ನಮಗೆ ಮಾತ್ರಾನಾ ಸಾರ್ ಎಂದಳು ಉದ್ದಕ್ಕ. ಮ್ಯಾನೇಜರಿಂದ ಒಪ್ಪಿಗೆ ತಂದವಳೂ ಆ ಹುಡುಗಿಯೇ. ಎಲೆಕ್ಟ್ರಿಷಿಯನ್ ಬಂದು ನೋಡಿ, ಒಂದು ಮಧ್ಯಾಹ್ನದ ಕೆಲ್ಸ, ಇದಕ್ಕೆ ಇಷ್ಟು ರಾಮಾಯಣಾನಾ ಎಂದ.

ಸೋಮವಾರ ಕಂಟ್ರಾಕ್ಟರ್ ಬಂದಾಗ ಆರೂ ಯಂತ್ರ ಓಡುತ್ತಿದ್ದವು. ನಾವು ಮಾತಾಡುತ್ತಿದ್ದೆವು, ನಗುತ್ತಿದ್ದೆವು. ಅವನು ಬಾಗಿಲಲ್ಲೇ ನಿಂತು ನೋಡಿ ಹೊರಟುಹೋದ. ವಾರ ಕಳೆಯುವುದರೊಳಗೆ ವಾರ್ಡಿನ ನರ್ಸ್ ಇಳಿದು ಬಂದು, ಸ್ವಲ್ಪ ನಿಧಾನ ಮಾಡಿ, ಹೊದಿಕೆ ಇಡೋಕೆ ಜಾಗ ಇಲ್ಲ ಎಂದು ಬೇಡಿಕೊಂಡಳು. ಸೂಪರ್‌ವೈಸರ್ ಈಗ ಸ್ವತಃ ಹೊದಿಕೆಯ ಗಾಡಿ ತಳ್ಳುತ್ತಾನೆ, ಪಾಪ.

ನಿನ್ನದೂ ಒಂದು ಕೆಲಸವೇ ಎಂದು ಎಷ್ಟು ಸಲ ಹೀಯಾಳಿಸಿದ್ದೇನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮುಂದಿನ ವಾರ ಆಸ್ಪತ್ರೆಯ ಅಡುಗೆಮನೆಗೂ ಹೊಸ ಯಂತ್ರ ಬರುತ್ತದೆ. ಅಲ್ಲಿನ ಹೆಂಗಸರ ಜೊತೆ ಕೂತು ಮಾತಾಡಲು ಚೀಲದ ಹುಡುಗಿ ನನ್ನನ್ನೂ ಕರೆದಿದ್ದಾಳೆ. ತಾಯಿಯಂತೆ ಮಗಳು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಯಿತು ನೋಡು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಹೆಮ್ಮೆಯಿಂದ ಬೀಗುತ್ತಿರುವ
ನಿನ್ನ ಅಮ್ಮ

ತಾ.ಕ.: ಆಸ್ಪತ್ರೆಯಲ್ಲೇ ಕಿವಿ ತೋರಿಸಿದೆ. ಕಿವಿಗೆ ಹಾಕುವ ಯಂತ್ರ ಬರಲು ಇನ್ನೂ ಕೆಲವು ವಾರ ಬೇಕಂತೆ. ಅಲ್ಲಿಯತನಕ ಕಾಗದ ಬರೆ. ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ಹೂಂ, ಹೌದಾ ಎನ್ನುತ್ತಿದ್ದೆನಲ್ಲ, ಅದರಲ್ಲಿ ಅರ್ಧವೂ ನನಗೆ ಕೇಳಿಸಿರಲಿಲ್ಲ. ಹೋದ ತಿಂಗಳು ಒಂದು ದಿನ ನೀನು ತುಂಬ ಹೊತ್ತು ಮಾತಾಡಿದೆ. ಅಳುತ್ತಿದ್ದೆಯೋ ನಗುತ್ತಿದ್ದೆಯೋ, ಅದೂ ತಿಳಿಯಲಿಲ್ಲ. ನಾನು ಒಳ್ಳೆಯದೇ ಆಯಿತು ಬಿಡು ಎಂದುಬಿಟ್ಟೆ. ನೀನು ಸುಮ್ಮನಾದೆ. ಏನು ಹೇಳಿದ್ದೆ ಮಗಳೇ? ಇನ್ನೊಂದು ಸಲ ಹೇಳು.