ಹೊಲದಲ್ಲೊಬ್ಬ ಹೌದಪ್ಪ

ಮನೆ,
ಜನವರಿ ೧೭, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ತರಗತಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದಿದ್ದೆ; ಬಿಸಿನೀರು ಕುಡಿಯುತ್ತಿದ್ದೀಯ ತಾನೆ? ನನ್ನ ಮೊಣಕಾಲು ಚಳಿಗೆ ಮುನಿಸಿಕೊಂಡಿದೆ, ಆದರೂ ಹೊಲಿಗೆ ಯಂತ್ರ ತುಳಿಯಲು ತಕರಾರು ಮಾಡುತ್ತಿಲ್ಲ. ಮೊನ್ನೆ ಫೋನಿನಲ್ಲಿ ನೀನು, "ಅತ್ತೆ, ನಮ್ಮ ಶಾಲೆಯ ಗಣಿತದ ಮೇಷ್ಟ್ರು ನನ್ನನ್ನ ಮದುವೆಯಾಗ್ತೀನಿ ಅಂತ ಕೇಳಿದ್ದಾರೆ. ನೀವು ಬೇಡ ಅಂದ್ರೆ ನಾನೂ ಬೇಡ ಅಂತೀನಿ" ಎಂದಾಗ, ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಅದು ನಿನಗೂ ಗೊತ್ತಾಗಿರುತ್ತದೆ. ಆ ಹೊತ್ತಿನಲ್ಲಿ ನಾನು ಹಾಲು ಕಾಯಿಸುವವಳಲ್ಲ.

ನನ್ನ ಮಗ ತೀರಿಕೊಂಡ ಮೇಲೆ ಇದು ಎರಡನೆಯ ಚಳಿಗಾಲ. ಹೋದ ವರ್ಷ ಹೊಲದ ಕಡೆ ತಲೆ ಹಾಕಲಿಲ್ಲ. ಈ ವರ್ಷ ಅವನ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಮಂಜು ಕರಗುವ ಹೊತ್ತಿಗೆ ಬದುವಿನ ಮೇಲೆ ಹೋಗಿ ನಿಲ್ಲುತ್ತೇನೆ. ನೀವು ಗಂಡ ಹೆಂಡತಿ ಚಳಿಯಲ್ಲಿ ಎದ್ದು ಹೊರಟಾಗ, ಹಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ ಎನ್ನುತ್ತಿದ್ದವಳು ನಾನೇ. ಈಗ ನಾನು ಹುಡುಕುತ್ತಿದ್ದದ್ದು ಒಂದೇ ಹಕ್ಕಿಯನ್ನು. ಕುಂಡೆಕುಸ್ಕ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲು ನಾನು ನಾಚುತ್ತೇನೆಂದು ಅವನೇ ಅದಕ್ಕೆ ಹೌದಪ್ಪ ಎಂದು ಹೆಸರಿಟ್ಟಿದ್ದನಲ್ಲ. ಏನು ಕೇಳಿದರೂ ಬಾಲ ಆಡಿಸಿ ಹೌದು ಹೌದು ಎನ್ನುವ ಹಕ್ಕಿ. "ಹೊಲದಲ್ಲೊಬ್ಬ ಹೌದಪ್ಪ, ಮನೆಯಲ್ಲೊಬ್ಬಳು ಬೇಡಮ್ಮ" ಎಂದು ನನ್ನನ್ನು ರೇಗಿಸುತ್ತಿದ್ದ. ನೀನು ಅವನ ಬೆನ್ನ ಹಿಂದೆ ನಿಂತು ನಗುತ್ತಿದ್ದೆ. ನನಗೆ ಕಾಣುವುದಿಲ್ಲ ಎಂದುಕೊಂಡಿದ್ದೆ.

ನಿನ್ನೆ ಟ್ರ್ಯಾಕ್ಟರಿನವನು ಉಳುಮೆ ನಿಲ್ಲಿಸಿ, "ಏನಜ್ಜಿ, ದಿನಾ ನೆಲ ನೋಡ್ತಾ ನಿಂತಿರ್ತೀರಿ, ಏನು ಕಳ್ಕೊಂಡ್ರಿ?" ಎಂದು ಕೇಳಿದ. ಸೂಜಿ ಎಂದೆ. ಪಾಪ, ಇಳಿದು ಬಂದು ನಿಜವಾಗಿಯೂ ಹುಡುಕತೊಡಗಿದ. "ದಾರ ಇತ್ತಾ ಅದ್ರಲ್ಲಿ?" ಎಂದು ಬೇರೆ ಕೇಳಿದ. ನಗು ಬಂತು, ಅದರ ಹಿಂದೆಯೇ ಬೇರೆಯದೂ ಬಂತು. ಮುಖ ತಿರುಗಿಸಿಕೊಂಡೆ.

ದುರ್ಬೀನಿನ ಬಲಗಣ್ಣಿನ ಕಡೆಯ ಉಂಗುರ ನಿನಗೆ ನೆನಪಿರಬೇಕು. ತನ್ನ ದೃಷ್ಟಿಗೆ ಹೊಂದಿಸಿಟ್ಟು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನೂ ಮುಟ್ಟಿರಲಿಲ್ಲ, ಇಷ್ಟು ದಿನ ಬಲಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದೆ. ಇವತ್ತು ಕಾಲುವೆಯ ಕಲ್ಲಿನ ಮೇಲೆ ಏನೋ ಅಲ್ಲಾಡಿತು. ಎಡಗಣ್ಣು ಸೋತು ನೀರಾಡುತ್ತಿತ್ತು. ಬಲಗಣ್ಣು ತೆರೆದರೆ ಬರೀ ಮಸುಕು. ಉಂಗುರ ತಿರುಗಿಸಿದೆ. ಬೂದು ಕೋಟು, ನಿಂಬೆಹಳದಿ ಲೈನಿಂಗು, ಎಲ್ಲೂ ಒಂದು ಸುಕ್ಕಿಲ್ಲ. ಅಷ್ಟು ಚೆನ್ನಾಗಿ ಮೈಗೆ ಕೂರುವ ಬಟ್ಟೆಯನ್ನು ನಾನು ಈವರೆಗೆ ಯಾರಿಗೂ ಹೊಲಿದುಕೊಟ್ಟಿಲ್ಲ. ಅದು ಬಾಲ ಕುಣಿಸುತ್ತಲೇ ಇತ್ತು, ನಾನು ಏನೂ ಕೇಳದೆಯೇ. ಹಾರಿಹೋದ ಮೇಲೆ ಉಂಗುರವನ್ನು ಮೊದಲಿದ್ದಲ್ಲಿಗೆ ತರಲು ನೋಡಿದೆ. ಮೊದಲು ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ, ಕೊನೆಗೆ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅವನು ನೋಡಿದಂತೆ ನೋಡುವುದು ಇನ್ನು ಯಾರಿಗೂ ಆಗುವುದಿಲ್ಲ.

ಗಂಟಲು ಜೋಪಾನ. ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ. ನೀನು ಹೋದಲ್ಲೆಲ್ಲ ನಿನಗೆ ಒಳ್ಳೆಯದೇ ಎದುರಾಗಲಿ.

ನಿನ್ನ ಅತ್ತೆ,
ಬೇಡಮ್ಮ

ಮತ್ತೆ: ಅಂಚೆಯವನು ಗೇಟಿನಲ್ಲಿ ಬೆಲ್ ಮಾಡುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೇಷ್ಟ್ರಿಗೆ ಹೌದು ಅನ್ನು. ಮದುವೆಯ ಬಟ್ಟೆ ಮಾತ್ರ ಬೇರೆ ಯಾರ ಕೈಗೂ ಕೊಡಬೇಡ. ನಿನ್ನ ಹಳೆಯ ಅಳತೆ ನನಗೆ ಬಾಯಿಪಾಠ. ಆದರೆ ನೀನು ತುಂಬ ಇಳಿದುಹೋಗಿದ್ದೀಯಂತೆ, ಹೊಸದಾಗಿಯೇ ತೆಗೆಯಬೇಕು. ಅದಕ್ಕಾದರೂ ಒಮ್ಮೆ ಬಾ.